ಕಾಳಿಲ್ಲದ ಬೀಸುಕಲ್ಲು

ಬಾಗಲಕೋಟೆ ಜಿಲ್ಲೆಯ ನಮ್ಮೂರಿನಲ್ಲಿ ನೋಡಿದ್ದು. ಮಾವನ ಮಗಳು ಒಲೆ ಮುಂದೆ ಕೂತಿದ್ದಳು. ಎರಡನೇ ಹೆಣ್ಣುಮಗು ಹುಟ್ಟಿ ಎರಡು ತಿಂಗಳಾಗಿತ್ತು. ಹಂಚಿನ ಮೇಲೆ ರೊಟ್ಟಿ ಹೊತ್ತಿ ಹೊಗೆ ಏಳುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು, ತಿರುವಿ ಹಾಕಲಿಲ್ಲ. "ಏನ್ ವಿಚಾರ ಮಾಡಾಕತ್ತಿ?" ಅಂದೆ. "ಏನಿಲ್ಲಕ್ಕಾ, ಒಂದ ಮಾತು ತಲ್ಯಾಗ ತಿರಗತೈತಿ" ಅಂದಳು.

ಮನೆಯವರ ಹತ್ತಿರ ಉತ್ತರ ತಯಾರಿತ್ತು. ಗಾಳಿ ಸೋಕಿದೆ ಅಂದರು, ತಾಯಿತ ಕಟ್ಟಿದರು. ಮದುವೆಯಾಗದ ಹುಡುಗಿಯಾಗಿದ್ದರೆ "ಮದುವೆ ಮಾಡಿದರೆ ಸರಿಹೋಗ್ತಾಳೆ" ಅನ್ನುತ್ತಿದ್ದರು. ಖಿನ್ನತೆ ಅನ್ನುವ ಮಾತು ಯಾರ ಬಾಯಲ್ಲೂ ಬರಲಿಲ್ಲ. ನನಗೆ ಸಂಕಟವಾಗುವುದು ಇಲ್ಲೇ.

ಚಿಕ್ಕ ವಯಸ್ಸಿನಲ್ಲಿ ಹುಡುಗರು, ಹುಡುಗಿಯರ ನಡುವೆ ಖಿನ್ನತೆಯಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಹನ್ನೆರಡು, ಹದಿಮೂರು ದಾಟಿದ ಮೇಲೆ ಹುಡುಗಿಯರಲ್ಲಿ ಏರುತ್ತಾ ಹೋಗಿ ಸುಮಾರು ಎರಡು ಪಟ್ಟಾಗುತ್ತದೆ. ಹಾರ್ಮೋನಿನ ಪಾಲೂ ಇದೆ, ಆದರೆ ಅದೊಂದೇ ಅಲ್ಲ. ನನ್ನನ್ನು ಬಹಳ ಹಿಡಿದಿಟ್ಟ ಕಾರಣ ಇನ್ನೊಂದು. ಅದೇ ಆ "ತಲ್ಯಾಗ ತಿರಗೋ" ಮಾತು.

ದನ ಮೆಲುಕು ಹಾಕಿದರೆ ಮೇವು ನುಣ್ಣಗಾಗಿ ಮುಂದೆ ಹೋಗುತ್ತದೆ. ಮನಸ್ಸಿನ ಈ ಮೆಲುಕು ಹಾಗಲ್ಲ, ನುಂಗಿದ್ದು ಮತ್ತೆ ಮತ್ತೆ ಬಾಯಿಗೆ ಬರುತ್ತದೆ. ಗಾಣದ ಎತ್ತು ದಿನವಿಡೀ ನಡೆದರೂ ಊರು ದಾಟುವುದಿಲ್ಲ, ಹಾಗೆ. ಅಥವಾ ಬೀಸುಕಲ್ಲು ತೆಗೆದುಕೊಳ್ಳಿ. ಜೋಳ ಹಾಕಿ ತಿರುಗಿಸಿದರೆ ಹಿಟ್ಟು ಬರುತ್ತದೆ. ಕಾಳಿಲ್ಲದೆ ತಿರುಗಿಸಿದರೆ ಕಲ್ಲು ಕಲ್ಲನ್ನೇ ತೇಯುತ್ತದೆ. "ಈಗೇನು ಮಾಡಲಿ?" ಅನ್ನುವುದು ಕಾಳಿರುವ ಯೋಚನೆ. "ನನಗೇ ಯಾಕೆ ಹೀಗಾಯ್ತು?" ಅನ್ನುವುದು ಬರೀ ಕಲ್ಲು.

ಇದನ್ನು ಅಳೆದು ತೋರಿಸಿದವರು ಅಮೆರಿಕದ ಮನೋವಿಜ್ಞಾನಿ ಸೂಸನ್ ನೋಲೆನ್-ಹೋಕ್ಸೆಮಾ. ಅವರು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ, ಬೇಜಾರಾದಾಗ ಏನು ಮಾಡುತ್ತೀರಿ ಎಂದು ಕೇಳಿ ಬರೆದಿಟ್ಟುಕೊಂಡಿದ್ದರು. ಎರಡು ವಾರಕ್ಕೆ, 1989ರ ಅಕ್ಟೋಬರ್ 17ರಂದು, ಅಲ್ಲೇ ಹತ್ತಿರದಲ್ಲಿ ದೊಡ್ಡ ಭೂಕಂಪವಾಯಿತು. ಹತ್ತು ದಿನ ಬಿಟ್ಟು ಒಮ್ಮೆ, ಏಳು ವಾರ ಬಿಟ್ಟು ಒಮ್ಮೆ ಅದೇ ವಿದ್ಯಾರ್ಥಿಗಳನ್ನು ಮತ್ತೆ ಕೇಳಿದರು. ನೆಲ ನಡುಗಿದ್ದು ಎಲ್ಲರಿಗೂ. ಆದರೆ ಮೊದಲಿಂದಲೂ ಮೆಲುಕು ಹಾಕುವ ಸ್ವಭಾವದವರಲ್ಲಿ ಖಿನ್ನತೆ ಜಾಸ್ತಿ ಇತ್ತು. ಈ ಅಭ್ಯಾಸ ಹುಡುಗಿಯರಲ್ಲೇ ಹೆಚ್ಚು ಎಂದೂ ಅವರು ತೋರಿಸಿದರು.

ಯಾಕಿರಬಹುದು? ನನಗೆ ಅನ್ನಿಸುವುದು ಇಷ್ಟು: ಹುಡುಗನಿಗೆ ಮನಸ್ಸು ಕೆಟ್ಟರೆ ಕಟ್ಟೆ ಇದೆ, ಚಹಾದಂಗಡಿ ಇದೆ, ಗಾಡಿ ಹತ್ತಿ ಹೋಗಬಹುದು. ಹುಡುಗಿಗೆ ಅದೇ ಅಡುಗೆಮನೆ, ಅದೇ ಗೋಡೆ.

ಮೆಲುಕಿಗೆ ಮೇವು ಒದಗಿಸುವುದು ಮಾತ್ರ ಹೊರಗಿನ ಬದುಕೇ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಗೋವಾ. ಅಲ್ಲಿ ಮನೋವೈದ್ಯ ವಿಕ್ರಂ ಪಟೇಲ್ ಮತ್ತು ಜೊತೆಗಾರರು ಬಾಣಂತಿಯರ ಬಗ್ಗೆ ಮಾಡಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಹೆರಿಗೆಯಾಗಿ ಆರೆಂಟು ವಾರಕ್ಕೆ ನೂರರಲ್ಲಿ 23 ತಾಯಂದಿರಿಗೆ ಖಿನ್ನತೆ ಇತ್ತು. ಬಡತನ, ಗಂಡನ ಹೊಡೆತ, ಹೆಣ್ಣು ಹುಟ್ಟಿತೆಂಬ ಬೇಸರ ಇದರ ಹಿಂದೆ ಕಂಡವು. ಗಾಳಿಯಲ್ಲ, ದೆವ್ವವಲ್ಲ.

ಹಾಗಾದರೆ ಖಿನ್ನತೆಯಿಂದ ಕಾಪಾಡುವುದು ಯಾವುದು? ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಎಂಬ ಸಂಶೋಧಕರು ನೂರಾರು ಹೆಂಗಸರನ್ನು ಕೂರಿಸಿ ಮಾತಾಡಿಸಿದರು. 1978ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಎದ್ದು ಕಂಡದ್ದು ಒಂದು ಸರಳ ಸಂಗತಿ. ಅಷ್ಟೇ ದೊಡ್ಡ ಕಷ್ಟ ಬಂದರೂ, ಮನಸ್ಸು ಬಿಚ್ಚಿ ಹೇಳಿಕೊಳ್ಳಲು ಹತ್ತಿರದವರು ಒಬ್ಬರಿದ್ದ ಹೆಂಗಸರು ಖಿನ್ನತೆಗೆ ಬೀಳುವುದು ಕಡಿಮೆ. ನಮ್ಮ ಅಜ್ಜಿಯಂದಿರು ಇಬ್ಬಿಬ್ಬರು ಎದುರುಬದುರು ಕೂತು, ಒಂದೇ ಗೂಟ ಹಿಡಿದು, ಪದ ಹೇಳುತ್ತಾ ಬೀಸುತ್ತಿದ್ದರಲ್ವಾ? ಅತ್ತೆಯ ಕಾಟ, ತವರಿನ ನೆನಪು ಎಲ್ಲ ಆ ಪದಗಳಲ್ಲೇ ಹೊರಬರುತ್ತಿತ್ತು. ಗಿರಣಿ ಬಂದು ರಟ್ಟೆ ನೋವು ತಪ್ಪಿತು, ಒಳ್ಳೆಯದೇ. ಆ ಎದುರು ಕೂರುವ ಜೀವ ಮಾತ್ರ ಹೋಯಿತು.

ಇಲ್ಲೊಂದು ಎಚ್ಚರವೂ ಬೇಕು. ಗೆಳತಿಯರಿಬ್ಬರು ಅದೇ ದುಃಖವನ್ನು ಗಂಟೆಗಟ್ಟಲೆ ತಿರುಗಿಸಿ ಮುರುಗಿಸಿ ಆಡಿದರೆ ಗೆಳೆತನ ಗಟ್ಟಿಯಾಗುತ್ತದೆ, ಖಿನ್ನತೆಯೂ ಬೆಳೆಯುತ್ತದೆ. ಅಮೆರಿಕದ ಮನೋವಿಜ್ಞಾನಿ ಅಮಾಂಡಾ ರೋಸ್ 2002ರಲ್ಲಿ ಇದನ್ನು ಗುರುತಿಸಿದರು. ಮಾತಿನ ಜೊತೆ ಕೈಗೆ ಕೆಲಸವೂ ಇರಬೇಕು. ಗೋವಾದಲ್ಲೇ ವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಖಿನ್ನರಾದವರನ್ನು ಸಣ್ಣ ಸಣ್ಣ ಚಟುವಟಿಕೆಗೆ ಹಚ್ಚಿಸಿದರು. ಅದು ಫಲ ಕೊಟ್ಟದ್ದು 2017ರಲ್ಲಿ ವರದಿಯಾಯಿತು.

ಬೇಜಾರು, ಯಾವುದರಲ್ಲೂ ಮನಸ್ಸಿಲ್ಲದಿರುವುದು, ನಿದ್ದೆ ಕೆಡುವುದು ಎರಡು ವಾರ ಬಿಡದೆ ಇದ್ದರೆ ಸುಮ್ನೆ ಕಾಯಬೇಡಿ. 14416ಕ್ಕೆ, ಅಂದರೆ ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಗೆ, ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಮಾತು ಬಂದರಂತೂ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ನಮ್ಮ ಹುಡುಗಿಯನ್ನು ಧಾರವಾಡಕ್ಕೆ ಕರೆದೊಯ್ದೆವು. ಗುಳಿಗೆ ಶುರುವಾಯಿತು. ಪಕ್ಕದ ಮನೆಯ ದೊಡ್ಡವ್ವ ದಿನಾ ಮಧ್ಯಾಹ್ನ ಬಂದು, ಕೂಸನ್ನು ತಾನೇ ಎತ್ತಿಕೊಂಡು, ಇವಳನ್ನು ಹೆಂಗಸರ ಸಂಘದ ಕಡಕ್ ರೊಟ್ಟಿ ಕೆಲಸಕ್ಕೆ ಕರೆದೊಯ್ಯುತ್ತಿದ್ದಳು. ಮೊದಲ ತಿಂಗಳು ಅಷ್ಟೇನೂ ಬದಲಾವಣೆ ಕಾಣಲಿಲ್ಲ. ಐದು ತಿಂಗಳ ಮೇಲೆ ನಾನು ಹೋದಾಗ ಅವಳ ಜೊತೆ ಒಲೆ ಮುಂದೆ ಕೂತು ಮಾತಿಗೆ ಬಿದ್ದೆ. "ಅಕ್ಕಾ, ತಿರುವಿ ಹಾಕ, ರೊಟ್ಟಿ ಹೊತ್ತತೈತಿ" ಅಂದಳು.