ಎರಡೂಕಾಲು ಕಿಲೋ ತೊಗರಿಯಲ್ಲಿ ಒಂದು ಕಾಳು

ಕಲಬುರಗಿಯಲ್ಲಾಗಲಿ ಯಾದಗಿರಿಯಲ್ಲಾಗಲಿ, ಆಕಾಶ ವೀಕ್ಷಣೆ ಮುಗಿಯುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ: ‘ಸರ್, ನಡುವಿನ ಕಪ್ಪುಕುಳಿ ತಗದ್ರ ಇಡೀ ಗ್ಯಾಲಕ್ಸಿ ಚೆಲ್ಲಾಪಿಲ್ಲಿ ಆಗ್ತದಲ್ರಿ?’ ಆಗೋದಿಲ್ಲ. ಸೂರ್ಯ ಗ್ರಹಗಳನ್ನು ಹಿಡಿದಿಟ್ಟ ಹಾಗೆ ಕಪ್ಪುಕುಳಿ ನಕ್ಷತ್ರಗಳನ್ನು ಹಿಡಿದಿಟ್ಟಿದೆ ಎಂಬ ಹೋಲಿಕೆ ಯಾರು ಹುಟ್ಟುಹಾಕಿದರೋ, ಅದನ್ನು ಕೀಳುವುದರಲ್ಲೇ ಅರ್ಧ ರಾತ್ರಿ ಹೋಗುತ್ತದೆ.

ಲೆಕ್ಕ ಹಾಕಿ. ಸೌರವ್ಯೂಹದ ತೂಕದಲ್ಲಿ ಶೇ 99.8 ಸೂರ್ಯನದೇ. ನಮ್ಮ ಗ್ಯಾಲಕ್ಸಿಯಾದ ಆಕಾಶಗಂಗೆಯ ನಡುವಿನ ಕಪ್ಪುಕುಳಿ ಸುಮಾರು 43 ಲಕ್ಷ ಸೂರ್ಯರ ತೂಕದ್ದು. ಸೂರ್ಯನ ಕಕ್ಷೆಯೊಳಗಿನ ಒಟ್ಟು ದ್ರವ್ಯವೋ ಹೆಚ್ಚುಕಮ್ಮಿ 10 ಸಾವಿರ ಕೋಟಿ ಸೂರ್ಯರಷ್ಟು. 23 ಸಾವಿರಕ್ಕೆ ಒಂದು ಪಾಲು! ನೂರು ತೊಗರಿ ಕಾಳು ಹತ್ತು ಗ್ರಾಂ ತೂಗುತ್ತವೆ ಅಂತಿಟ್ಟುಕೊಂಡರೆ, ಎರಡೂಕಾಲು ಕಿಲೋ ತೊಗರಿಯಲ್ಲಿ ಒಂದೇ ಕಾಳು. ಅದನ್ನು ತೆಗೆದರೆ ಗಂಜಿನ ತಕ್ಕಡಿಗೆ ಗೊತ್ತೂ ಆಗದು. ಕಪ್ಪುಕುಳಿಯ ದರ್ಬಾರು ನಡೆಯುವುದು ಕೇಂದ್ರದ ಸುತ್ತಲಿನ ಹತ್ತು ಜ್ಯೋತಿರ್ವರ್ಷದೊಳಗೆ. ನಾವಿರುವುದು 26 ಸಾವಿರ ಜ್ಯೋತಿರ್ವರ್ಷ ಆಚೆ.

ಕಪ್ಪುಕುಳಿಗೂ ಗ್ಯಾಲಕ್ಸಿಗೂ ನಂಟು ಇರುವುದು ಬೇರೆ ಕಡೆ. ಗ್ಯಾಲಕ್ಸಿಯ ನಡುವಿನ ಉಬ್ಬಿನಲ್ಲಿ ನಕ್ಷತ್ರಗಳು ದಿಕ್ಕಾಪಾಲಾಗಿ ಓಡಾಡುತ್ತವೆ. ಆ ವೇಗಗಳ ಹರಹಿಗೆ ಸಿಗ್ಮಾ ಎಂದು ಹೆಸರು. ಸಿಗ್ಮಾ ಹೆಚ್ಚಿದಷ್ಟೂ ಕಪ್ಪುಕುಳಿ ದೊಡ್ಡದು ಎಂದು 2000ದಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದವು. ಸಿಗ್ಮಾ ಸೆಕೆಂಡಿಗೆ 200 ಕಿ.ಮೀ. ಇದ್ದರೆ ಕಪ್ಪುಕುಳಿ ಸುಮಾರು 30 ಕೋಟಿ ಸೂರ್ಯರಷ್ಟು. ಸಿಗ್ಮಾ ಎರಡು ಪಟ್ಟಾದರೆ ತೂಕ 20 ಪಟ್ಟು! ಎಡವುವುದೂ ಇಲ್ಲೇ. ಸಿಗ್ಮಾ ಸಿಗುವುದು ರೋಹಿತದ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ, ಗೆರೆಗಳ ಅಗಲದಿಂದ. ಓರೆಯಾಗಿ ಕಾಣುವ ಸುರುಳಿ ಗ್ಯಾಲಕ್ಸಿಯಲ್ಲಿ ಉಬ್ಬಿನ ಸುತ್ತಲಿನ ಚಪ್ಪಟೆ ತಟ್ಟೆಯ ಸುತ್ತಾಟವೂ ಆ ಅಗಲದೊಳಗೆ ನುಸುಳುತ್ತದೆ. ಸಿಗ್ಮಾ ಶೇ 10ರಷ್ಟು ಹೆಚ್ಚು ಬಂದರೆ ತೂಕ ಶೇ 50ರಷ್ಟು ಉಬ್ಬುತ್ತದೆ. ಎಲ್ಲ ಸರಿ ಅಳೆದರೂ ನಮ್ಮ ಆಕಾಶಗಂಗೆಯದು ಈ ಸೂತ್ರ ಹೇಳುವುದಕ್ಕಿಂತ ಹಗುರ. ಸೂತ್ರವನ್ನು ಪಂಚಾಂಗದಂತೆ ನಂಬಬೇಡಿ.

ಅಷ್ಟು ಚಿಕ್ಕ ಕಾಳು ಇಡೀ ಉಬ್ಬಿನ ಜೊತೆ ಹೇಗೆ ತಾಳೆಯಾಗುತ್ತದೆ? ತೂಕದಿಂದಲ್ಲ, ಕಾವಿನಿಂದ ಅನ್ನುವುದು ಸದ್ಯದ ಬಲವಾದ ಊಹೆ. ಒಳಗೆ ಬೀಳುವ ಅನಿಲ ತನ್ನ ದ್ರವ್ಯದ ಹತ್ತನೇ ಒಂದರಷ್ಟನ್ನು ಶಕ್ತಿಯಾಗಿ ಕಕ್ಕುತ್ತದೆ. ಕಪ್ಪುಕುಳಿ ಬೆಳೆದು ಮುಗಿಯುವ ಹೊತ್ತಿಗೆ ಹೀಗೆ ಕಕ್ಕಿದ ಶಕ್ತಿಯ ಮೊತ್ತ ಉಬ್ಬನ್ನು ಕಟ್ಟಿಹಿಡಿದ ಶಕ್ತಿಯ ನೂರಾರು ಪಟ್ಟು. ಅದರಲ್ಲಿ ಶೇ 1 ಅನಿಲಕ್ಕೆ ತಾಗಿದರೂ ಸಾಕು, ಅನಿಲ ಹೊರಗೆ ದಬ್ಬಿಸಿಕೊಳ್ಳುತ್ತದೆ. ಹೊಸ ನಕ್ಷತ್ರಗಳ ಹುಟ್ಟು ನಿಲ್ಲುತ್ತದೆ, ಕಪ್ಪುಕುಳಿಗೂ ಊಟ ತಪ್ಪುತ್ತದೆ. ಗ್ಯಾಲಕ್ಸಿಗಳು ಮತ್ತೆ ಮತ್ತೆ ಕೂಡಿಕೊಂಡಾಗ ಹೆಚ್ಚುಕಮ್ಮಿಗಳೆಲ್ಲ ಸರಾಸರಿಯಾಗಿಯೇ ಈ ತಾಳೆ ಬರಬಹುದು ಎನ್ನುವವರೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ.

ಇಷ್ಟಾದರೂ ನಂಬಿಕೆ ಬಾರದವರು ಡಿಸೆಂಬರ್ ಮೊದಲ ವಾರ, ಚಂದ್ರನಿಲ್ಲದ ರಾತ್ರಿ ಒಂಬತ್ತರ ಸುಮಾರಿಗೆ ಊರ ಬೆಳಕು ದಾಟಿ ಹೊಲದ ಕಡೆ ನಡೆಯಿರಿ. ಎಂ33 ಎಂಬ ಸುರುಳಿ ಗ್ಯಾಲಕ್ಸಿ ನೋಡಲು 10×50 ಬೈನಾಕ್ಯುಲರ್ ಸಾಕು. ಹೆಚ್ಚು ಹಿಗ್ಗಿಸುವ ದೂರದರ್ಶಕದಲ್ಲಿ ಇದು ಮಸುಕಾಗಿ ಕಳೆದೇಹೋಗುತ್ತದೆ. ನೆತ್ತಿಯಿಂದ ತುಸು ಉತ್ತರಕ್ಕೆ, ಹತ್ತಿಯ ಎಳೆಯಂತೆ ಕಾಣುವುದೇ ಎಂ33. ಅದಕ್ಕೆ ಉಬ್ಬು ಇಲ್ಲವೆಂದರೂ ನಡೆದೀತು. ನಡುವೆ ಕಪ್ಪುಕುಳಿ ಇದ್ದರೂ ಅದು ಸುಮಾರು 1,500 ಸೂರ್ಯರನ್ನು ಮೀರದು. ಸುರುಳಿ ಮಾತ್ರ ಒಂದಿಷ್ಟೂ ಚೆದುರಿಲ್ಲ.