ಕೊಂಬಿಗೆ ಗುರಿಯಿಟ್ಟರೆ ಹಿಂಡು ಕರಗದು

ಲಾನಾಯ್ ದ್ವೀಪಕ್ಕೆ ಹೋದ ಮೊದಲ ರಾತ್ರಿ ಕಿಟಕಿ ತೆರೆದಿಟ್ಟು ಮಲಗಿದ್ದೆ. ಸರಿರಾತ್ರಿಯಲ್ಲಿ ಹೊರಗೆ ಗಂಡು ಜಿಂಕೆ ಕೂಗಿತು. ನಿದ್ದೆಗಣ್ಣಿಗೆ ನಾಗರಹೊಳೆಯ ಕಾಡಂಚಿನ ಕ್ಯಾಂಪಿನಲ್ಲೇ ಇದ್ದೇನೆ ಅನ್ನಿಸಿತು. ಎದ್ದು ಕೂತು ಅಭ್ಯಾಸಬಲದಿಂದ ಇನ್ನೊಂದು ದನಿಗೆ ಕಿವಿಗೊಟ್ಟೆ. ಅಲ್ಲಿ ಜಿಂಕೆ ಬೆದರಿ ಕೂಗಿದರೆ ಹತ್ತಿರದಲ್ಲಿ ಹುಲಿಯೋ ಚಿರತೆಯೋ ಇದೆ ಎಂದರ್ಥ. ಇಲ್ಲಿ ಆ ದನಿ ಬರಲಿಲ್ಲ. ಜಿಂಕೆಯನ್ನು ಬೆದರಿಸುವ ಪ್ರಾಣಿಯೇ ಈ ದ್ವೀಪದಲ್ಲಿಲ್ಲ.

ಹವಾಯಿಯ ಈ ದ್ವೀಪದ ವಿಸ್ತೀರ್ಣ ಸುಮಾರು 364 ಚದರ ಕಿ.ಮೀ. ನಾಗರಹೊಳೆ ಉದ್ಯಾನದ ಅರ್ಧಕ್ಕಿಂತ ತುಸು ಹೆಚ್ಚು. ಜನ ಮೂರು ಸಾವಿರದ ಆಸುಪಾಸು. ಟ್ರಾಫಿಕ್ ಸಿಗ್ನಲ್ ಒಂದೂ ಇಲ್ಲ. ಜಿಂಕೆಗಳು ಮಾತ್ರ ಜನರ ಹಲವು ಪಟ್ಟು ಇವೆ. ಅವು ನಮ್ಮವೇ, ಬಂಡೀಪುರದ ರಸ್ತೆ ಬದಿಯಲ್ಲಿ ನಿಂತು ನಿಮ್ಮ ಕಾರನ್ನು ನೋಡುವ ಅದೇ ಚುಕ್ಕೆ ಜಿಂಕೆಗಳು. ಭಾರತ ಮೂಲದ ಬೆರಳೆಣಿಕೆಯ ಜಿಂಕೆಗಳು 1867ರ ಕೊನೆಯ ಹೊತ್ತಿಗೆ ಹಾಂಗ್‌ಕಾಂಗ್‌ನಿಂದ ಹವಾಯಿಯ ದೊರೆ ಐದನೇ ಕಮೇಹಮೇಹನಿಗೆ ಉಡುಗೊರೆಯಾಗಿ ಬಂದವು. ದೊರೆ ಅವನ್ನು ಮೊಲೊಕಾಯ್ ದ್ವೀಪದಲ್ಲಿ ಬಿಡಿಸಿ, ಯಾರೂ ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದ. ಮುಂದೆ ಮೂರು ದಶಕ ಕಳೆಯುವಷ್ಟರಲ್ಲಿ ವೃತ್ತಿಪರ ಬೇಟೆಗಾರರನ್ನು ಕರೆಸಿ ಸಾವಿರಾರು ಜಿಂಕೆ ಹೊಡೆಸಬೇಕಾಯಿತು. ಅದನ್ನು ಕಣ್ಣಾರೆ ಕಂಡ ಮೇಲೂ 1920ರಲ್ಲಿ ಲಾನಾಯ್‌ಗೆ, 1959ರಲ್ಲಿ ಪಕ್ಕದ ಮಾವಿ ದ್ವೀಪಕ್ಕೆ ಜಿಂಕೆ ಸಾಗಿಸಿದರು.

ನಾನು ಅಲ್ಲಿಗೆ ಹೋದದ್ದು ಜಿಂಕೆ ಎಣಿಸುವ ಕೆಲಸಕ್ಕೆ. ಎಣಿಸಿದ ಮೇಲೆ ಎಷ್ಟು ಹೊಡೆಯಬೇಕೆಂದು ಹೇಳುವುದೂ ಅದೇ ಕೆಲಸದ ಭಾಗ. "ಪಾಪದ ಜಿಂಕೆ ಹೊಡ್ಸೋಕೆ ಅಷ್ಟು ದೂರ ಹೋಗ್ಬೇಕಾ?" ಎಂದು ಅಮ್ಮ ಫೋನಿನಲ್ಲಿ ಕೇಳಿದ್ದಳು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಶಿಕಾರಿ ಎಂದರೆ ಅಪರಾಧ. ಅದು ಹಾಗೇ ಇರಬೇಕು ಎನ್ನುವವ ನಾನು. ನಾಗರಹೊಳೆಯ ಒಳ್ಳೆಯ ಕಾಡಿನಲ್ಲಿ ಚದರ ಕಿ.ಮೀ.ಗೆ 50ರಷ್ಟು ಜಿಂಕೆ ಸಿಕ್ಕಿದ್ದುಂಟು, ಆದರೂ ಕಾಡು ಕೆಟ್ಟಿಲ್ಲ. ಅಲ್ಲಿ ಹುಲಿ, ಚಿರತೆ, ಸೀಳುನಾಯಿಗಳು ವರ್ಷವಿಡೀ ತಮ್ಮ ಪಾಲು ಎತ್ತುತ್ತಲೇ ಇರುತ್ತವೆ. ಇದಕ್ಕಿಂತ ದೊಡ್ಡ ಸಂಗತಿ ಮುಳ್ಳಿನದು. ಕಾರೆ, ಎಲಚಿ, ಜಾಲಿ ಎಲ್ಲವೂ ಸಾವಿರಾರು ವರ್ಷ ಜಿಂಕೆಯ ಬಾಯಿಗೆ ಸಿಕ್ಕೂ ಬದುಕಲು ಕಲಿತ ಗಿಡಗಳು. ಹವಾಯಿಯಲ್ಲಿ ಮೂಲದಿಂದ ಇದ್ದ ಸಸ್ತನಿಗಳೆಂದರೆ ಒಂದು ಬಾವಲಿ, ಒಂದು ಸೀಲ್. ಎಲೆ ಮೇಯುವ ಮೃಗವನ್ನೇ ಕಾಣದ ಅಲ್ಲಿನ ಗಿಡಗಳಿಗೆ ಮುಳ್ಳು ಏಕೆ ಬೇಕು? ಪುದೀನ ಬಳಗದ ಗಿಡಗಳಿಗೆ ಘಮವೂ ಇಲ್ಲ. ಜಿಂಕೆಯ ಪಾಲಿಗೆ ಅದು ಎಲೆ ಹಾಕಿ ಬಡಿಸಿಟ್ಟ ಊಟ.

ಆ ಊಟದ ಬಿಲ್ಲು ನೀರಿನ ಲೆಕ್ಕದಲ್ಲಿ ಬರುತ್ತದೆ. ಲಾನಾಯ್ ಮಳೆನೆರಳಿನ ದ್ವೀಪ. ಸಾವಿರ ಮೀಟರ್ ದಾಟಿದ ಲಾನಾಯ್‌ಹಾಲೆ ಬೆಟ್ಟದ ನೆತ್ತಿಗೆ ಮೋಡ ತಾಗುತ್ತದೆ. ಕಳೆದ ಶತಮಾನದ ಆರಂಭದಲ್ಲಿ ಅಲ್ಲಿನ ಜಾನುವಾರು ಸಾಕಣೆ ಎಸ್ಟೇಟಿನ ಮ್ಯಾನೇಜರ್ ಆಗಿದ್ದ ಜಾರ್ಜ್ ಮನ್ರೋ ಮನೆಯ ಪಕ್ಕದ ನಾರ್ಫೋಕ್ ಪೈನ್ ಮರದಿಂದ ತಗಡಿನ ಸೂರಿನ ಮೇಲೆ ನೀರು ತೊಟ್ಟಿಕ್ಕುವ ಸದ್ದು ಕೇಳಿದನಂತೆ. ಮಳೆ ಇರಲಿಲ್ಲ. ಮರ ಮಂಜನ್ನು ಸೋಸಿ ಹನಿ ಮಾಡುತ್ತಿತ್ತು. ಆಮೇಲೆ ಅವನು ಬೆಟ್ಟದ ಏಣಿನುದ್ದಕ್ಕೂ ಅದೇ ಬಳಗದ ಕುಕ್ ಪೈನ್ ಸಸಿಗಳನ್ನು ನೆಡಿಸಿದ. ಕೊಡಗಿನಲ್ಲೋ ಆಗುಂಬೆಯಲ್ಲೋ ಬೆಳಿಗ್ಗೆ ಮರದಡಿ ನಿಂತು ತಲೆ ಒದ್ದೆ ಮಾಡಿಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಬೆಟ್ಟದಡಿಯ ನೀರಿಗೆ ಈ ಮಂಜುಹನಿಯೂ ಆಧಾರ. ಜಿಂಕೆ ಸಸಿ, ಜರೀಗಿಡ, ಎಳೆ ತೊಗಟೆ ತಿಂದು ನೆಲ ಬರಿದು ಮಾಡಿದರೆ ಹನಿ ಹಿಡಿಯುವ ಹಸಿರು ಹೋಗುತ್ತದೆ. ಒಂದು ಜೋರು ಮಳೆ ಬಂದರೆ ಕೆಂಪು ಮಣ್ಣು ಸೀದಾ ಕಡಲಿಗಿಳಿದು ಹವಳದ ದಿಬ್ಬಗಳ ಮೇಲೆ ಕೂರುತ್ತದೆ.

ಹಾಗಾದರೆ ಬೇಟೆಗೆ ಬಿಟ್ಟರಾಯಿತಲ್ಲ ಅನ್ನಬಹುದು. ಬಿಟ್ಟಿದ್ದಾರೆ. ಲೈಸೆನ್ಸ್ ಇದೆ, ಹೊಡೆದ ಜಿಂಕೆಗೆ ಕಟ್ಟುವ ಟ್ಯಾಗ್ ಇದೆ, ಬಿಲ್ಲುಬಾಣಕ್ಕೆ, ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕಾಲದ ಬಂದೂಕಿಗೆ, ರೈಫಲ್ಲಿಗೆ ಬೇರೆಬೇರೆ ಸೀಸನ್ ಇದೆ. ನನ್ನ ತಕರಾರು ಇರುವುದು ಹೊಡೆಯುವುದು ಯಾವುದನ್ನು ಎಂಬಲ್ಲಿ. ಹಡಗು ಹತ್ತಿ ಬರುವ ಬೇಟೆಗಾರನಿಗೆ ಕವಲೊಡೆದ ಕೊಂಬು ಬೇಕು. ಗೋಡೆಗೆ ಹಾಕಲು ಹೆಣ್ಣು ಜಿಂಕೆಯ ತಲೆ ಒಯ್ಯುವವರನ್ನು ನಾನು ಕಂಡಿಲ್ಲ.

ಒಂದು ಲೆಕ್ಕ ಹಾಕೋಣ. ಬರೀ ಉದಾಹರಣೆ, ಲಾನಾಯ್‌ನ ಅಂಕಿಯಲ್ಲ. 500 ಹೆಣ್ಣು, 500 ಗಂಡು ಇರುವ ಹಿಂಡು. ಇಬ್ಬರು ತಾಯಂದಿರಿಗೆ ಒಂದು ಮರಿಯಂತೆ ವರ್ಷಕ್ಕೆ 250 ಉಳಿಯುತ್ತವೆ, ಅರ್ಧ ಹೆಣ್ಣು ಅರ್ಧ ಗಂಡು. ಸೀಸನ್‌ನಲ್ಲಿ 250 ಗಂಡುಗಳನ್ನೇ ಹೊಡೆದರು ಅನ್ನಿ. ಹಿಂಡು ಮತ್ತೆ ಸಾವಿರಕ್ಕೇ ನಿಂತಿತು, ಎಲ್ಲರೂ ಕೈ ಕುಲುಕಿದರು. ಈಗ ಹೆಣ್ಣು 625. ಮುಂದಿನ ವರ್ಷ ಮರಿ 312. ಒಂದು ಗಂಡು ಹಲವು ಹೆಣ್ಣುಗಳಿಗೆ ಸಾಕಾಗುವುದರಿಂದ ಗಂಡು ಕಮ್ಮಿಯಾಯಿತೆಂದು ಬಸಿರು ನಿಲ್ಲುವುದಿಲ್ಲ. ಅದೇ 250 ಗುಂಡು ಹೆಣ್ಣುಗಳಿಗೆ ಬಿದ್ದಿದ್ದರೆ ಮುಂದಿನ ವರ್ಷದ ಮರಿ 187ರ ಸುತ್ತ ಇರುತ್ತಿತ್ತು. ಗುಂಡಿನ ಖರ್ಚು ಒಂದೇ. ಮೊದಲ ಬಗೆಯಲ್ಲಿ ಬೇಟೆಗಾರ ಬಡ್ಡಿ ಕಟ್ಟುತ್ತಿದ್ದಾನೆ, ಅಸಲು ಬೆಳೆಯುತ್ತಲೇ ಇದೆ.

ಈ ಲೆಕ್ಕವನ್ನು ದ್ವೀಪದ ಹಳೇ ಬೇಟೆಗಾರನೊಬ್ಬನಿಗೆ ಟ್ರಕ್ಕಿನ ಬಾನೆಟ್ ಮೇಲೆ ಚೀಟಿ ಇಟ್ಟು ಬಿಡಿಸಿ ತೋರಿಸಿದ್ದೆ. ಲೆಕ್ಕ ಒಪ್ಪಿದ. "ಅದರ ಮರಿ ಎಲ್ಲಿ ಮಲಗಿದೆ ಅಂತ ನೀನು ಹೇಳು, ನಾನು ತಾಯಿಯನ್ನು ಹೊಡೀತೀನಿ" ಅಂದ. ಅವನ ಮಾತಿನಲ್ಲಿ ಹುರುಳಿತ್ತು. ಚುಕ್ಕೆ ಜಿಂಕೆಗೆ ಹೆರಿಗೆಯ ಕಾಲವೆಂದು ಕಟ್ಟುನಿಟ್ಟಿಲ್ಲ. ಎಂಟು ತಿಂಗಳ ಒಳಗೇ ಬಸಿರು ಮುಗಿದು ವರ್ಷದ ಯಾವ ತಿಂಗಳಲ್ಲೂ ಎಳೆಮರಿ ಇರಬಹುದು. ಚಳಿದೇಶದ ಜಿಂಕೆಗಳಂತೆ ಮರಿ ದೊಡ್ಡದಾದ ಮೇಲೆ ಸೀಸನ್ ತೆರೆಯುವ ಉಪಾಯ ಇಲ್ಲಿ ನಡೆಯದು. ಆದ್ದರಿಂದ ನಾವು ಹೇಳಿಕೊಡುವುದು ಇಷ್ಟು: ದುರ್ಬೀನಿನಲ್ಲಿ ಕೆಚ್ಚಲು ನೋಡಿ, ತುಂಬಿದ್ದರೆ ಬಿಡಿ, ಹಿಂಡಿನಲ್ಲಿ ಬೆಳೆದ ಹೆಣ್ಣುಮರಿ ಇದ್ದರೆ ಮೊದಲು ಅದನ್ನು ಹೊಡೆಯಿರಿ. ಅದು ಇನ್ನೂ ಹೆತ್ತಿಲ್ಲ, ಮಾಂಸವೂ ಮೆತ್ತಗಿರುತ್ತದೆ.

ಮಾಂಸದ ವಿಷಯ ಬಂತಲ್ಲ, ಸ್ಥಳೀಯರು ನನ್ನ ಲೆಕ್ಕಕ್ಕೆ ಹತ್ತಿರವಾಗುವುದು ಅಲ್ಲೇ. ಅವರಿಗೆ ಕೊಂಬಿಗಿಂತ ಫ್ರೀಜರ್ ಮುಖ್ಯ. ದಿನಸಿಯೆಲ್ಲ ಬಾರ್ಜ್ ಎಂಬ ಸರಕು ದೋಣಿಯಲ್ಲಿ ಬರಬೇಕಾದ ಊರಿನಲ್ಲಿ ಮನೆ ಬಾಗಿಲಿನ ಬಾಡು ಸಣ್ಣ ಮಾತಲ್ಲ. ಹೊಗೆಯಲ್ಲಿ ಒಣಗಿಸುತ್ತಾರೆ, ಸಾಸೇಜ್ ಮಾಡುತ್ತಾರೆ, ಪಕ್ಕದ ಮನೆಯ ವೃದ್ಧರಿಗೆ ಒಂದು ತೊಡೆ ಕೊಟ್ಟು ಬರುತ್ತಾರೆ. ಮಾರುವಂತಿಲ್ಲ. ಸರ್ಕಾರಿ ತಪಾಸಣೆಯಾಗದ ಬೇಟೆ ಮಾಂಸ ಮಾರುವುದು ಕಾನೂನಿಗೆ ವಿರುದ್ಧ. ಮಾವಿಯಲ್ಲಿ ಒಂದು ಕಂಪನಿ ತಪಾಸಕರನ್ನು ಜೊತೆಗಿಟ್ಟುಕೊಂಡು, ರಾತ್ರಿ ಶಾಖ ಗುರುತಿಸುವ ಕ್ಯಾಮೆರಾದಿಂದ ಜಿಂಕೆ ಪತ್ತೆಮಾಡಿ ಹೊಡೆದು ಮಾಂಸ ಮಾರುತ್ತದೆ. ಸಾಮಾನ್ಯ ಬೇಟೆಗಾರನಿಗೆ ರಾತ್ರಿ ಬೇಟೆಗೆ ಅನುಮತಿಯಿಲ್ಲ. ಜಿಂಕೆಗಳೂ ಇದನ್ನು ಬಲ್ಲವು. ಸೀಸನ್ ತೆರೆದು ಎರಡನೇ ವಾರಾಂತ್ಯಕ್ಕೆಲ್ಲ ಹಗಲು ಪೊದೆ ಬಿಟ್ಟು ಹೊರಡುವುದಿಲ್ಲ. ಹುಲಿಗೆ ವಾರಾಂತ್ಯವಿಲ್ಲ, ಮನುಷ್ಯನಿಗಿದೆ.

ಎಷ್ಟು ಜಿಂಕೆ ಇರಬೇಕು ಎಂಬುದಕ್ಕೆ ದ್ವೀಪದಲ್ಲಿ ಒಂದು ಉತ್ತರವಿಲ್ಲ. ಗಿಡಮರ ಕಾಯುವವರಿಗೆ ಸೊನ್ನೆ ಬೇಕು, ಬೇಟೆಗಾರನಿಗೆ ಬೇಕಾದಾಗ ಸಿಗುವಷ್ಟು ಬೇಕು. ಬಿಟ್ಟರೆ ತಾನೇ ಸರಿಹೋಗುತ್ತದೆ ಎನ್ನುವವರಿಗೆ ನಾನು ಮೊಲೊಕಾಯ್ ತೋರಿಸುತ್ತೇನೆ. ಬರಗಾಲ ಬಿದ್ದು ನೂರಾರು ಜಿಂಕೆಗಳು ರಸ್ತೆ ಬದಿಯಲ್ಲಿ ಹಸಿವಿನಿಂದ ಸತ್ತವು, 2021ರ ಜನವರಿಯಲ್ಲಿ ಗವರ್ನರ್ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ಹಾಗೆ ಸಾಯುವುದಕ್ಕಿಂತ ಗುಂಡು ಎಷ್ಟೋ ವಾಸಿ, ಅಮ್ಮನಿಗೂ ಇದನ್ನೇ ಹೇಳಿದೆ. ಇನ್ನೊಂದು ತುದಿಯವರೂ ಇದ್ದಾರೆ: 2009ರಲ್ಲಿ ಕದ್ದು ಹೆಲಿಕಾಪ್ಟರಿನಲ್ಲಿ ಹವಾಯಿಯ ದೊಡ್ಡ ದ್ವೀಪಕ್ಕೆ ಜಿಂಕೆ ಸಾಗಿಸಿದ ಮಹಾನುಭಾವರು. ಆ ಕೆಲವನ್ನು ಹುಡುಕಿ ತೆಗೆಯಲು ವರ್ಷಗಟ್ಟಲೆ ಅಲೆಯಬೇಕಾಯಿತು. ನಮ್ಮ ಅಂಡಮಾನಿನಲ್ಲೂ ಬ್ರಿಟಿಷರು ಬಿಟ್ಟ ಚುಕ್ಕೆ ಜಿಂಕೆಗಳು ಕಾಡಿನ ಸಸಿ ಮೇಯುತ್ತಿವೆ. ಅಲ್ಲಿ ಪ್ರವಾಸಿಗರು ಅವಕ್ಕೆ ತಿಂಡಿ ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ.

ನನ್ನ ಮಟ್ಟಿಗೆ ಜಗಳ ಬಗೆಹರಿಸುವುದು ಬೇಲಿ. ಬೆಟ್ಟದ ಮೇಲೆ ಎಂಟಡಿ ಎತ್ತರದ ಬೇಲಿಯೊಳಗೆ ಸೊನ್ನೆ, ಕೆಳಗೆ ಊರವರ ಫ್ರೀಜರಿಗೆ ಬೇಕಾದಷ್ಟು. ಚುಕ್ಕೆ ಜಿಂಕೆ ಹಾರುವುದಕ್ಕಿಂತ ನುಸುಳುವುದೇ ಹೆಚ್ಚು. ಆದ್ದರಿಂದ ಬೇಲಿಯ ನೆತ್ತಿಗಿಂತ ಬುಡ ನೋಡಬೇಕು: ಮಳೆನೀರು ಕೊರೆದ ತೂತು, ಮರ ಬಿದ್ದು ಬಗ್ಗಿದ ತಂತಿ. ಎರಡನೇ ವರ್ಷ ನಾವು ಖಾಲಿ ಮಾಡಿದ್ದ ತುಂಡೊಂದರ ಗೇಟನ್ನು ಯಾರೋ ಸಂಜೆ ಹಾಕದೆ ಹೋಗಿದ್ದರು. ಬೆಳಿಗ್ಗೆ ಹೆಜ್ಜೆಗುರುತು ನೋಡಿದಾಗ ಆರೇಳು ಒಳಗೆ ಹೊಕ್ಕಿದ್ದವು. ಮೊದಲ ಐದು ಜಿಂಕೆಗಳು ನಾಲ್ಕು ದಿನದಲ್ಲಿ ಸಿಕ್ಕವು. ಕೊನೆಯದೊಂದು ಹೆಣ್ಣು ಸಿಗಲು ಐದು ವಾರ ಹಿಡಿಯಿತು. ಟ್ರಕ್ಕಿನ ಸದ್ದಿಗೆ ಅಡಗುತ್ತಿತ್ತು, ನಡೆದು ಹೋದರೆ ಕಣಿವೆ ದಾಟುತ್ತಿತ್ತು. ಕಡೆಗೆ ಒಂದು ನಸುಕಿನಲ್ಲಿ ಪೈನ್ ಮರದಡಿ ಸಿಕ್ಕಿತು. ಹೊಟ್ಟೆ ಕೊಯ್ದಾಗ ಒಳಗೆ ಮರಿ ಇತ್ತು. ಹಳೇ ಬೇಟೆಗಾರ ನನ್ನ ಮುಖ ನೋಡಿದ, ಏನೂ ಅನ್ನಲಿಲ್ಲ. ಮಾಂಸ ಟ್ರಕ್ಕಿಗೆ ಹಾಕಿಕೊಂಡು ಇಳಿದೆವು. ಗೇಟಿನ ಹತ್ತಿರ ಅವನು ಇಳಿದು ಅಗುಳಿ ಹಾಕಿದ, ಎರಡು ಸಲ ಎಳೆದು ನೋಡಿದ.