ಶಿಪ್ ಆಗರ್: ಮರದ ಕವಲಿಗೆ ಸರಳು ಹಾಯಿಸುವ ಉದ್ದ ಬೈರಿಗೆ

ಬಡಗಿಯ ಚೀಲದಲ್ಲಿರುವ ಬೈರಿಗೆ ನಮಗೆಲ್ಲ ಗೊತ್ತಿರುವ ಉಪಕರಣ. ಅದೇ ಬೈರಿಗೆ ಒಂದೂವರೆ ಅಡಿಗೂ ಹೆಚ್ಚು ಉದ್ದವಾಗಿ, ಹಲಗೆಯನ್ನಲ್ಲದೆ ಬದುಕಿರುವ ಮರವನ್ನು ಕೊರೆಯಲು ಬಂದಾಗ ಅಮೆರಿಕದ ವೃಕ್ಷಪಾಲಕರು ಅದನ್ನು ‘ಶಿಪ್ ಆಗರ್’ ಎನ್ನುತ್ತಾರೆ. ಆಗರ್ ಎಂದರೆ ಸುರುಳಿ ಬೈರಿಗೆ. ‘ಶಿಪ್’ ಎಂಬ ಮಾತು ಅದಕ್ಕೆ ಅಂಟಿಕೊಂಡದ್ದು ಹಡಗು ಕಟ್ಟುವವರಿಂದ. ದಪ್ಪ ತೊಲೆಗಳನ್ನು ಒಂದಕ್ಕೊಂದು ಬಿಗಿಯಲು ಅವರಿಗೆ ಆಳವಾದ, ದಾರಿ ತಪ್ಪದ ರಂಧ್ರ ಬೇಕಾಗಿತ್ತು.

ಮರಕ್ಕೆ ಈ ರಂಧ್ರ ಏಕೆ ಬೇಕು? ಕೆಲವು ಮರಗಳಲ್ಲಿ ಎರಡು ಕಾಂಡಗಳು ಸರಿಸಮನಾಗಿ, ಕಿರಿದಾದ ಕೋನದಲ್ಲಿ ಮೇಲೇಳುತ್ತವೆ. ಅವುಗಳ ನಡುವೆ ತೊಗಟೆ ಒಳಕ್ಕೆ ಸಿಕ್ಕಿಕೊಂಡರೆ ಕವಲಿನಲ್ಲಿ ಮರಕ್ಕೆ ಮರ ಬೆಸೆದುಕೊಳ್ಳುವುದಿಲ್ಲ, ಗಾಳಿಗೆ ಅಲ್ಲಿಯೇ ಸೀಳು ಬಿಡುತ್ತದೆ. ಕವಲಿನಿಂದ ತುದಿಯವರೆಗಿನ ಎತ್ತರದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮೇಲಕ್ಕೆ, ಎರಡೂ ಕಾಂಡಗಳನ್ನು ಉಕ್ಕಿನ ಹಗ್ಗದಿಂದ ಜೋಡಿಸುವುದು ‘ಕೇಬಲಿಂಗ್’. ಕವಲಿನ ಆಸುಪಾಸಿನಲ್ಲಿಯೇ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಇರುವ ಉಕ್ಕಿನ ಸರಳನ್ನು ಹಾಯಿಸಿ ಬಿಗಿಯುವುದು ‘ಬ್ರೇಸಿಂಗ್’. ಬಡಗಿಗಳು ಕೈಯಿಂದ ತಿರುಗಿಸುವ ಬಾಗಿದ ಹಿಡಿಕೆಯ ಡ್ರಿಲ್ಲಿಗೂ ‘ಬ್ರೇಸ್’ ಎಂಬ ಹೆಸರೇ ಇರುವುದರಿಂದ ಹೊಸಬರು ಇಲ್ಲಿ ಗೊಂದಲಕ್ಕೆ ಬೀಳುವುದು ಸಹಜ.

ಬೈರಿಗೆಯ ತುದಿಯನ್ನು ಹತ್ತಿರದಿಂದ ನೋಡಿದರೆ ಅದರ ಜಾಣತನ ತಿಳಿಯುತ್ತದೆ. ಮೂತಿಯಲ್ಲಿ ಒಂದು ಪುಟ್ಟ ತಿರುಪು ಇರುತ್ತದೆ. ಅದು ಮರವನ್ನು ಕಚ್ಚಿ ಇಡೀ ಬೈರಿಗೆಯನ್ನು ಮುಂದಕ್ಕೆ ಎಳೆಯುವುದರಿಂದ ಕೆಲಸಗಾರ ಮೈಭಾರ ಹಾಕಿ ಒತ್ತಬೇಕಾಗಿಲ್ಲ. ಅದರ ಹಿಂದೆ ಕತ್ತರಿಸುವ ಅಲಗು, ಅಲಗಿನ ಹಿಂದೆ ಹೊಟ್ಟನ್ನು ಹೊರಕ್ಕೆ ಸಾಗಿಸುವ ಸುರುಳಿ. ಅಮೆರಿಕದ ರಸೆಲ್ ಜೆನ್ನಿಂಗ್ಸ್ 1855ರಲ್ಲಿ ಪೇಟೆಂಟ್ ಪಡೆದ ಬಗೆಯ ಬಡಗಿ ಬೈರಿಗೆಗಳಲ್ಲಿ ಎರಡು ಅಲಗುಗಳೂ ಅಂಚನ್ನು ಮೊದಲೇ ಗೀರುವ ಮೊನೆಗಳೂ ಇದ್ದು, ಪೀಠೋಪಕರಣಕ್ಕೆ ಒಪ್ಪುವಂಥ ನಯವಾದ ರಂಧ್ರ ಬೀಳುತ್ತದೆ. ಶಿಪ್ ಆಗರಿಗೆ ಸಾಮಾನ್ಯವಾಗಿ ಒಂದೇ ಅಲಗು, ಗೀರುವ ಮೊನೆಗಳಿಲ್ಲ. ಹಸಿ ಮರದ ಒದ್ದೆ ಹೊಟ್ಟು ಸುರುಳಿಯಲ್ಲಿ ಗಟ್ಟಿಯಾಗಿ ಜಡಿದು ಕೂರುವುದರಿಂದ ಅದು ಹೊರಬರಲು ಅಗಲವಾದ ದಾರಿ ಬೇಕು, ಒಂಟಿ ಅಲಗಿನ ವಿನ್ಯಾಸ ಅದನ್ನು ಒದಗಿಸುತ್ತದೆ. ಇಷ್ಟಾದರೂ ಕೆಲವು ಇಂಚು ಕೊರೆದಂತೆಲ್ಲ ಬೈರಿಗೆಯನ್ನು ಹಿಂದಕ್ಕೆಳೆದು ಹೊಟ್ಟು ಉದುರಿಸಲೇಬೇಕು. ಉದಾಸೀನ ಮಾಡಿದರೆ ಅದು ಕಾಂಡದೊಳಗೇ ಸಿಕ್ಕಿಬೀಳುತ್ತದೆ.

ಆದ್ದರಿಂದ ಡ್ರಿಲ್ಲಿಗೆ ವೇಗಕ್ಕಿಂತ ತಿರುಚುವ ಬಲ ಮುಖ್ಯ, ಹಿಮ್ಮುಖವಾಗಿ ತಿರುಗುವ ವ್ಯವಸ್ಥೆ ಅತ್ಯಗತ್ಯ. ಪೆಟ್ರೋಲ್ ಎಂಜಿನ್ನಿನ ಡ್ರಿಲ್ಲುಗಳೂ ಬ್ಯಾಟರಿಯವೂ ಬಳಕೆಯಲ್ಲಿವೆ. ಬೈರಿಗೆ ಗಕ್ಕನೆ ಕಚ್ಚಿಕೊಂಡರೆ ತಿರುಗುವ ಸರದಿ ಯಂತ್ರದ್ದು. ನೆಲದ ಮೇಲೆ ನಿಂತವನ ಮಣಿಕಟ್ಟು ಉಳುಕಬಹುದು. ಹಗ್ಗದಲ್ಲಿ ತೂಗುತ್ತಿರುವವನಿಗೆ ಕಾಲೂರಲು ನೆಲವೇ ಇಲ್ಲದ ಕಾರಣ ಅಪಾಯ ಇನ್ನೂ ಹೆಚ್ಚು. ಪಕ್ಕದ ಹಿಡಿಕೆಯಿಲ್ಲದ ಡ್ರಿಲ್ಲನ್ನು ಮರದ ಮೇಲಕ್ಕೆ ಒಯ್ಯಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಷ್ಟೆಲ್ಲ ಎಚ್ಚರ ಏಕೆಂದರೆ ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೊ 1977ರಲ್ಲಿ ಹ್ಯಾರಲ್ಡ್ ಮಾರ್ಕ್ಸ್ ಅವರೊಂದಿಗೆ ಪ್ರಕಟಿಸಿದ ವಿವರಣೆಯ ಪ್ರಕಾರ ಮರವು ಗಾಯವಾದ ಭಾಗವನ್ನು ದುರಸ್ತಿ ಮಾಡದೆ, ಅದರ ಸುತ್ತ ನಾಲ್ಕು ಬಗೆಯ ಗೋಡೆಗಳನ್ನು ಎಬ್ಬಿಸಿ ಕೊಳೆತವನ್ನು ಕೂಡಿಹಾಕುತ್ತದೆ. ಇವುಗಳಲ್ಲಿ ಅತ್ಯಂತ ಬಲವಾದದ್ದು, ಗಾಯವಾದ ಮೇಲೆ ಬೆಳೆಯುವ ಹೊಸ ಮರವನ್ನು ಹಳೆಯದರಿಂದ ಬೇರ್ಪಡಿಸುವ ನಾಲ್ಕನೆಯ ಗೋಡೆ. ಒಳಗೆ ಹಳೆಯ ಕೊಳೆತವಿರುವ ಕಾಂಡವನ್ನು ಕೊರೆದಾಗ ಬೈರಿಗೆ ಈ ಗೋಡೆಯನ್ನೇ ತೂರಿಹೋಗುತ್ತದೆ, ಅದುವರೆಗೆ ಸೆರೆಯಲ್ಲಿದ್ದ ಕೊಳೆತಕ್ಕೆ ಹೊಸ ಮರದೊಳಕ್ಕೆ ದಾರಿಯಾಗುತ್ತದೆ. ಜರ್ಮನಿಯ ಕೋಬ್ರಾದಂಥ ಹೆಣೆದ ಕೃತಕ ನಾರಿನ ಹಗ್ಗಗಳನ್ನು ಕಾಂಡದ ಸುತ್ತ ಬಳಸಿ ಕಟ್ಟುವ ಪದ್ಧತಿ ಜನಪ್ರಿಯವಾಗಲು, ಅದಕ್ಕೆ ರಂಧ್ರವೇ ಬೇಡ ಎಂಬುದು ದೊಡ್ಡ ಕಾರಣ. ಆದರೆ ಈಗಾಗಲೇ ಸೀಳಿರುವ ಕವಲನ್ನು ಸರಳಿನಷ್ಟು ಬಿಗಿಯಾಗಿ ಹಿಡಿಯುವ ಶಕ್ತಿ ಆ ಹಗ್ಗಕ್ಕಿಲ್ಲ.

ಕೊರೆಯಲೇಬೇಕಾದಾಗ ಅಳತೆ ಕಟ್ಟುನಿಟ್ಟಾಗಿರಬೇಕು. ಕಾಂಡದ ಆಚೆ ಬದಿಗೆ ಹಾಯಿಸಿ ನಟ್ಟು, ವಾಷರುಗಳಿಂದ ಬಿಗಿಯುವ ಅರ್ಧ ಇಂಚಿನ ಸರಳಿಗೆ ರಂಧ್ರ 5/8 ಇಂಚನ್ನು ಮೀರಬಾರದು. ಮರದೊಳಗೇ ತಿರುಪಿನಂತೆ ಕೂರುವ ಸರಳಾದರೆ ರಂಧ್ರವು ಸರಳಿಗಿಂತ 1/16ರಿಂದ 1/8 ಇಂಚು ಚಿಕ್ಕದಿರಬೇಕು, ಇಲ್ಲವಾದರೆ ಮರೆಗಳಿಗೆ ಹಿಡಿತ ಸಿಗುವುದಿಲ್ಲ. ಅತ್ಯಂತ ಕಷ್ಟದ ಘಳಿಗೆ ಬರುವುದು ಎರಡು ಕಾಂಡಗಳ ನಡುವಿನ ತೆರಪಿನಲ್ಲಿ: ಮೊದಲ ಕಾಂಡದಿಂದ ಹೊರಬಂದ ಮೂತಿ ಎದುರಿನ ದುಂಡು ತೊಗಟೆಯ ಮೇಲೆ ಜಾರುತ್ತದೆ, ಅಲ್ಲಿ ವಾಲಿದರೆ ರಂಧ್ರವೂ ವಾಲುತ್ತದೆ, ನೆಟ್ಟಗಿನ ಸರಳು ಒಳಗೆ ಹೋಗುವುದೇ ಇಲ್ಲ. ಪಕ್ಕದಲ್ಲೊಂದು ಹೊಸ ರಂಧ್ರವೆಂದರೆ ಮರಕ್ಕೆ ಇನ್ನೊಂದು ಗಾಯ. ಆದ್ದರಿಂದ ಒಬ್ಬ ಕೊರೆಯುವಾಗ ಮತ್ತೊಬ್ಬ ದೂರದಲ್ಲಿ ನಿಂತು ಬೈರಿಗೆಯ ಗೆರೆಯನ್ನು ಕಣ್ಣಳತೆಯಲ್ಲಿ ನೋಡುತ್ತಿರುವುದು ಒಳ್ಳೆಯದು.

ಅನುಭವಿಗಳು ಸುರುಳಿಯಿಂದ ಉದುರುವ ಹೊಟ್ಟನ್ನೂ ಅಂಗೈಯಲ್ಲಿ ಹಿಡಿದು ನೋಡುತ್ತಾರೆ. ತಿಳಿ ಬಣ್ಣದ, ಎಳೆಎಳೆಯಾದ ಚೂರುಗಳು ಗಟ್ಟಿ ಮರದವು. ಅವು ಕಂದಾಗಿ, ಬೆರಳ ನಡುವೆ ಪುಡಿಯಾಗತೊಡಗಿ, ಡ್ರಿಲ್ಲು ತಟ್ಟನೆ ಹಗುರವಾಗಿ ಮುಂದೆ ನುಗ್ಗಿದರೆ ಒಳಗೆ ಕೊಳೆತವಿದೆ ಎಂದರ್ಥ. ಅಲ್ಲಿ ಒಳಗೇ ಕೂರುವ ತಿರುಪು ಸರಳನ್ನು ಕೈಬಿಟ್ಟು, ಎರಡೂ ಬದಿಯ ಗಟ್ಟಿ ಮರ ಭಾರ ಹೊರುವಷ್ಟು ಉಳಿದಿದ್ದರೆ ಮಾತ್ರ ಆಚೆಗೆ ಹಾಯುವ ಸರಳನ್ನು ವಾಷರುಗಳೊಂದಿಗೆ ಬಿಗಿಯುತ್ತಾರೆ.